ಕಲ್ಲಿಗೆ ಇಳಿಯದ ಪೈಪು

ಜನವರಿ 8, 2025, ಬುಧವಾರ

ಇಂದು ಮೂರನೇ ಪಿರಿಯಡ್ಡಿನ ಹೊತ್ತಿಗೆ ಸ್ಟಾಫ್ ರೂಮಿಗೆ ದೀಪಕ ಎಂಬ ಮನುಷ್ಯ ಬಂದ. ಬಾದಾಮಿಯಲ್ಲಿ ಇಪ್ಪತ್ತೆರಡು ರೂಮಿನ ಲಾಡ್ಜ್ ಇಟ್ಟಿದ್ದಾನೆ. ಕೈಯಲ್ಲಿ ಅಮೀನಗಡದ ಕರದಂಟಿನ ಡಬ್ಬಿ. ಕರದಂಟು ತಂದವರೆಲ್ಲ ಸುಳ್ಳು ಬರೆಸಿಕೊಳ್ಳಲು ಬಂದವರು ಎಂಬುದು ನನ್ನ ಅನುಭವ.

ಡಿಸೆಂಬರ್ 27ರ ಬೆಳಿಗ್ಗೆ ಅವನ ಲಾಡ್ಜಿನಲ್ಲಿ ಕೆಲಸಕ್ಕಿದ್ದ ಬಾಳಮ್ಮ ಎಂಬ ಹೆಂಗಸು ಬಚ್ಚಲು ತೊಳೆಯುವಾಗ ನಲ್ಲಿ ಮುಟ್ಟಿ ಸತ್ತಿದ್ದಾಳೆ. ಪೊಲೀಸ್ ಕೇಸಾಗಿದೆ. ಸರಕಾರಿ ವರದಿ ಬರುವ ಮೊದಲು ತನ್ನ ವಕೀಲರ ಕೈಯಲ್ಲಿ ತಜ್ಞರ ಅಭಿಪ್ರಾಯವೊಂದು ಇರಲಿ ಎಂಬುದು ಅವನ ಆಸೆ. ಬಾಗಲಕೋಟೆಯ ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಿಕಲ್ ಕಲಿಸಿದವಳೆಂದು ನನ್ನ ಹೆಸರು ಯಾರೋ ಹೇಳಿದ್ದಾರೆ.

"ವೈರಮನ್ ಜಹಾಂಗೀರ ಅಂತ ಅದಾನ್ರಿ ಕಸ್ತೂರಿ ಮೇಡಮ್. ಎಲ್ಲಾ ಅವನ ಕೆಲಸ. ಹತ್ತನೇತ್ತಿ ಫೇಲ್. ಅದನ್ನ ನೀವು ಇಂಗ್ಲೀಷಿನಾಗ ಬರದು ಕೊಟ್ರ ಸಾಕು."

"ನಿಮ್ಮ ಲಾಡ್ಜಿಗೆ ಅರ್ಥಿಂಗ್ ಐತೇನು?"

"ಹಿಂದ ಐತ್ರಿ. ಹೋದ ವರ್ಷನ ಬಣ್ಣ ಹಚ್ಚಿಸೇವಿ."

ಬಣ್ಣ ಹಚ್ಚಿಸಿದ್ದಾರಂತೆ. ಇಂಥವರ ಕೈಯಲ್ಲಿ ಜನ ರಾತ್ರಿ ಮಲಗುತ್ತಾರೆ, ಬೆಳಿಗ್ಗೆ ಸ್ನಾನ ಮಾಡುತ್ತಾರೆ.

ಕಂಡದ್ದನ್ನೇ ಬರೆಯುತ್ತೇನೆ ಎಂದು ಹೇಳಿ ಒಪ್ಪಿಕೊಂಡೆ. ವೈರಮನ್‌ನದೇ ತಪ್ಪು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಈ ಜಿಲ್ಲೆಯಲ್ಲಿ ಟೆಸ್ಟರ್ ಕಿಸೆಗೆ ಸಿಗಿಸಿಕೊಂಡವರೆಲ್ಲ ಇಂಜಿನಿಯರುಗಳು. ಕರದಂಟನ್ನು ನಮ್ಮ ಲ್ಯಾಬಿನ ಅಟೆಂಡರ್ ಕಲ್ಲಪ್ಪನಿಗೆ ಕೊಟ್ಟೆ. ಅವನು ಯಾಕೆಂದು ಕೇಳಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಏನನ್ನೂ ಕೇಳಿಲ್ಲ.

ಜನವರಿ 12, ಭಾನುವಾರ

ಕಲ್ಲಪ್ಪನ ಕೈಯಲ್ಲಿ ಅರ್ಥ್ ಟೆಸ್ಟರ್ ಹೊರಿಸಿಕೊಂಡು ಬಾದಾಮಿಗೆ ಹೋಗಿ ಬಂದೆ.

ಲಾಡ್ಜಿನ ಹಿಂದೆ ಸಿಮೆಂಟಿನ ಮುಚ್ಚಳ, ಹಸಿರು ಬಣ್ಣ, ಅದರ ಮೇಲೆ ಹಳದಿ ಅಕ್ಷರ. ಸೋರಿದ ಕರೆಂಟು ಮನುಷ್ಯನ ಮೈ ಬಿಟ್ಟು ಮಣ್ಣಿಗೆ ಇಳಿಯಲು ಇರುವ ದಾರಿ ಅದೊಂದೇ. ಅದರೊಳಗಿನ ಪೈಪು ಎಂಟು ಅಡಿ ಕೆಳಗೆ ಹೋಗಿರಬೇಕು. ಕಲ್ಲಪ್ಪ ಹಿಡಿದು ಅಲ್ಲಾಡಿಸಿದ. ಮೂಲಂಗಿ ಕಿತ್ತ ಹಾಗೆ ಕೈಗೆ ಬಂತು. ಒಂದೂವರೆ ಅಡಿ. ಬಾದಾಮಿಯಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಕೆಂಪು ಕಲ್ಲು ಸಿಗುತ್ತದೆ. ಲಾಡ್ಜ್ ಕಟ್ಟಿಸುವಾಗ ತೋಡಿದವನಿಗೆ ಕಲ್ಲು ಸಿಕ್ಕಿದೆ, ಪೈಪು ಕತ್ತರಿಸಿ ಹುಗಿದು ಮುಚ್ಚಳ ಹಾಕಿದ್ದಾನೆ. ಜಹಾಂಗೀರ ಆ ಕಾಲದವನಲ್ಲವಂತೆ. ಇರಲಿ, ಇವರೆಲ್ಲ ಒಂದೇ ಜಾತಿಯ ಕೆಲಸಗಾರರು.

ಕೀಳುವ ಮೊದಲೇ ಅಳೆದಿದ್ದೆ, ಮೀಟರು ನೂರಾ ತೊಂಬತ್ತು ಓಮ್ ತೋರಿಸಿತ್ತು. ಐದರ ಒಳಗೆ ಇರಬೇಕಾದದ್ದು.

"ಜಾಸ್ತಿ ಇದ್ರ ಛಲೋ ಅಲ್ರೀ?" ಎಂದ ದೀಪಕ.

ನಾನು ಉತ್ತರಿಸಲಿಲ್ಲ. ಉತ್ತರ ಕೊಟ್ಟರೆ ಪ್ರಶ್ನೆಗೆ ಮರ್ಯಾದೆ ಕೊಟ್ಟಂತೆ.

ಮೇನ್ ಬೋರ್ಡು ತೆರೆಸಿದೆ. ಸೋರಿಕೆ ಕಂಡ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುವ ಬ್ರೇಕರ್ ಇರಬೇಕಾದ ಜಾಗ ಖಾಲಿ. ತಂತಿಗಳನ್ನು ನೇರ ಜೋಡಿಸಿ ಟೇಪು ಸುತ್ತಿದೆ. ಅದೊಂದು ಇದ್ದಿದ್ದರೆ ಹಿತ್ತಲಿನ ಆ ಮೂಲಂಗಿ ಪೈಪಿನ ಜೊತೆಗೂ ಆಕೆ ಬದುಕುತ್ತಿದ್ದಳು. ಹದಿನಾಲ್ಕನೇ ರೂಮಿನ ಗೀಸರಿನ ಕಾಯಿಲ್ ತೂತಾಗಿದೆ. ಅಲ್ಲಿಂದ ಕರೆಂಟು ಕಬ್ಬಿಣದ ಪೈಪಿನಲ್ಲಿ ಹರಿದು ಕೆಳಗಿನ ಬಚ್ಚಲ ನಲ್ಲಿಗೆ ಬಂದಿದೆ.

ಮೆಟ್ಟಿಲ ಬುಡದಲ್ಲಿ ಬೋರ್ಡೊಂದಿತ್ತು: ಕೆಲಸದವರು ಚಪ್ಪಲಿ ಇಲ್ಲೇ ಬಿಡಬೇಕು. ನೆಲ ಹೊಲಸಾಗಬಾರದಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿಗೆ ಇಳಕಲ್ಲಿಗೆ, ಅಣ್ಣ ಮಹಾಂತೇಶನ ಮನೆಗೆ. ಅವನ ಸೀರೆ ಅಂಗಡಿಯ ಫ್ಯಾನು, ಇಸ್ತ್ರಿ, ಫ್ರಿಜ್ಜು ಮೂರೂ ಒಂದೇ ಎಕ್ಸ್‌ಟೆನ್ಶನ್ ಪಟ್ಟಿಗೆ ನೇತಾಡುತ್ತಿವೆ. ಪ್ಲಗ್ಗಿನ ಮೂರನೇ ಕಾಲನ್ನು, ಅರ್ಥಿಂಗಿನದನ್ನೇ, ಮುರಿದು ಹಾಕಿದ್ದಾನೆ; ಸಾಕೆಟ್ಟಿನಲ್ಲಿ ಕೂರುವುದಿಲ್ಲವಂತೆ. "ಇಪ್ಪತ್ತು ವರ್ಷ ಆತು, ಯಾರಿಗೇನ ಆಗೇತಿ?" ಎಂದ. ಸಾಯದೆ ಇರುವುದನ್ನೇ ಇವರು ಪುರಾವೆ ಎಂದುಕೊಂಡಿದ್ದಾರೆ. ಮಾದಲಿ ತಿಂದು ಸಂಜೆ ಬಸ್ಸಿಗೆ ವಾಪಸು ಬಂದೆ.

ಜನವರಿ 19, ಭಾನುವಾರ

ತೆಗೆದ ಬ್ರೇಕರ್ ಬೇಕಿತ್ತು. ಅದಕ್ಕಾಗಿ ಬಾದಾಮಿಯಲ್ಲಿ ಜಹಾಂಗೀರನ ಮನೆ ಹುಡುಕಿಕೊಂಡು ಹೋದೆ. ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಎರಡು ಕೋಣೆಯ ಮನೆ. ಬೋರ್ಡಿನ ಸ್ಕ್ರೂಗಳೆಲ್ಲ ನೆಟ್ಟಗೆ ಕೂತಿದ್ದವು, ಪ್ಲಗ್ಗುಗಳಿಗೆ ಮೂರೂ ಕಾಲಿದ್ದವು. ಆಕಸ್ಮಿಕವಿರಬೇಕು.

ಮೂವತ್ತೈದರ ಆಸುಪಾಸಿನ ಮನುಷ್ಯ. ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ ಬ್ರೇಕರ್ ತಂದು ನನ್ನ ಮುಂದಿಟ್ಟ.

"ಯಾಕ ತಗದಿ?"

"ಮುಂಜಾನೆ ಆರಕ್ಕ ಎಲ್ಲಾರೂ ಗೀಸರ್ ಹಾಕ್ತಾರ್ರಿ. ಇದು ಧಡ್ ಅಂತ ಬಿದ್ದು ಕರೆಂಟ್ ಹೋಗ್ತಿತ್ತು, ದಿನಾ. ಗೆಸ್ಟ್ ಮೈಗೆ ಸೋಪ್ ಹಚ್ಕೊಂಡು ನಿಂತು ಬೈತಿದ್ರು. ಸಾಹುಕಾರ್ರು ತಗದು ನೇರಾ ಮಾಡು ಅಂದ್ರು. ಒಂದ ವಾರ ಆಗೂದಿಲ್ಲ ಅಂದ್ನಿರಿ. ಆಮ್ಯಾಲ ತಗದ್ನಿ."

"ಯಾವ ಗೀಸರ್ ಸೋರತೈತಿ ಅಂತ ಒಂದೊಂದ ಹಾಕಿ ನೋಡಾಕ ಬರತಿರಲಿಲ್ಲೇನು?"

"ನೋಡಿನ್ರಿ. ಒಂದೊಂದ ಹಾಕಿದ್ರ ಯಾವುದಕ್ಕೂ ಬೀಳೂದಿಲ್ರಿ. ಹತ್ತು ಹನ್ನೊಂದು ಕೂಡಿದ್ರ ಬೀಳ್ತಿತ್ತು. ಯಾಕಂತ ತಿಳೀಲಿಲ್ಲ."

ಇದೂ ತಿಳಿಯದವನು ಇಪ್ಪತ್ತೆರಡು ರೂಮಿನ ಜೀವ ಕೈಯಲ್ಲಿ ಹಿಡಿದಿದ್ದ. ನನಗೆ ಸಿಟ್ಟು ಬಂತು.

"ತಿಳೀಲಿಲ್ಲ ಅಂದ್ರ ತಿಳದವರನ್ನ ಕೇಳಬೇಕು. ಬಾಯಿ ಇರಲಿಲ್ಲೇನು ನಿನಗ?"

ಚಹಾ ಹಿಡಿದು ನಿಂತಿದ್ದ ಅವನ ಹೆಂಡತಿ ಜೈನಬಿ ಹೇಳಿದಳು, "ಕೇಳ್ಯಾರ್ರಿ. ನಿಮ್ಮನ್ನ ಕೇಳ್ಯಾರ."

"ಬಿಡು," ಎಂದ ಜಹಾಂಗೀರ.

"ಯಾಕ ಬಿಡ್ಲಿ? ನವೆಂಬರದಾಗ ಬಾಗಲಕೋಟಿಗೆ, ನಿಮ್ಮ ಕಾಲೇಜಿಗೆ ಬಂದಿದ್ರು. ಎರಡು ತಾಸು ಹೊರಗ ನಿಂತಿದ್ರಂತ. ನೀವು ಏನ್ ಅಂದ್ರಿ ಅನ್ನೂದನ್ನ ನನಗ ಹೇಳಿಲ್ಲ. ಅವತ್ತು ಮನಿಗೆ ಬಂದು ಉಣಲಿಲ್ಲ."

ನನಗೆ ಅಂಥದ್ದೇನೂ ನೆನಪಿಲ್ಲ. ದಿನಕ್ಕೆ ಹತ್ತು ಮಂದಿ ಬರುತ್ತಾರೆ, ಒಬ್ಬನಿಗೂ ಪ್ರಶ್ನೆ ಕೇಳಲು ಬರುವುದಿಲ್ಲ. ತಪ್ಪು ಮಾಡಿದವರ ಮನೆಯಲ್ಲಿ ಇಂಥ ಕಥೆ ಹುಟ್ಟುವುದು ಸಹಜ. ಬ್ರೇಕರ್ ತೆಗೆದುಕೊಂಡು ಬಂದೆ. ಚಹಾ ಕುಡಿಯಲಿಲ್ಲ.

ಜನವರಿ 20, ಸೋಮವಾರ

ಕಲ್ಲಪ್ಪನನ್ನು ಕೇಳಿದೆ. ಮೀಟರು ಒರೆಸುತ್ತಿದ್ದ. ಒರೆಸುತ್ತಲೇ ಹೇಳಿದ.

"ಬಂದಿದ್ದ್ರಿ. ನೀವು ಪೇಪರ್ ತಿದ್ದಾಕತ್ತಿದ್ರಿ. ಬಾಗಿಲದಾಗ ನಿಂತು ಗೀಸರಿಂದು ಏನೋ ಕೇಳಿದ. ಮೊದಲು ಹತ್ತನೇತ್ತಿ ಪಾಸ್ ಆಗು, ಆಮ್ಯಾಲ ಪ್ರಶ್ನಿ ಕೇಳು ಅಂದ್ರಿ."

"ನಾ ಹಂಗ ಅಂದ್ನೇನು?"

"ನೀವು ಎಲ್ಲಾರಿಗೂ ಹಂಗ ಅಂತೀರ್ರಿ ಮೇಡಮ್."

ಬೇಸರದಿಂದಲೂ ಹೇಳಲಿಲ್ಲ, ಹಂಗಿಸಿಯೂ ಹೇಳಲಿಲ್ಲ. ಮೀಟರಿನ ಅಂಕಿ ಓದಿದ ಹಾಗೆ ಹೇಳಿದ.

ಹದಿನಾಲ್ಕನೇ ರೂಮಿನ ಕಾಯಿಲ್ ತೂತಾದದ್ದು ಆಮೇಲಿನ ಮಾತು. ಅವನ ಪ್ರಶ್ನೆಗೆ ಉತ್ತರ ಇಷ್ಟೇ: ಪ್ರತಿ ಗೀಸರೂ ತುಸು ತುಸು ಸೋರುತ್ತದೆ, ಎಲ್ಲದರದ್ದೂ ಕೂಡಿದಾಗ ಬ್ರೇಕರ್ ಬೀಳುತ್ತದೆ, ಇಡೀ ಕಟ್ಟಡಕ್ಕೆ ಒಂದರ ಬದಲು ಅಂತಸ್ತಿಗೆ ಎರಡೆರಡು ಬ್ರೇಕರ್ ಹಾಕು. ಮನೆಗೆ ಬಂದು ಗಡಿಯಾರ ನೋಡಿಕೊಂಡು ಜೋರಾಗಿ ಹೇಳಿದೆ. ಹನ್ನೊಂದು ಸೆಕೆಂಡು.

ಜನವರಿ 22, ಬುಧವಾರ

ಮೂರು ದಿನದಿಂದ ನಿದ್ದೆ ಸರಿಯಿಲ್ಲ. ಕ್ಯಾಂಟೀನಿನವನು ಎಣ್ಣೆ ಬದಲಿಸಿದ್ದಾನೆ.

ಜನವರಿ 25, ಶನಿವಾರ

ಬ್ರೇಕರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದೆ. ಇಪ್ಪತ್ನಾಲ್ಕು ಮಿಲಿಆಂಪಿಗೆ ಬಿತ್ತು; ಮೂವತ್ತರ ಒಳಗೆ ಬೀಳಬೇಕಾದದ್ದು. ಹತ್ತು ಸಲ ಮಾಡಿದರೂ ಹತ್ತು ಸಲವೂ ಬಿತ್ತು. ಪೂರ್ತಿ ಸರಿಯಿದೆ. ಟ್ರಂಕಿನಲ್ಲಿ ಬಟ್ಟೆ ಸುತ್ತಿ ಮಲಗಿಸಿದ್ದರು.

ಮಧ್ಯಾಹ್ನ ಬಾಳಮ್ಮನ ಗಂಡ ಹುಲ್ಲಪ್ಪ ಬಂದ. ಐಹೊಳೆಯವನು, ಹೊಲದ ಕೂಲಿ. ಜೊತೆಗೆ ಮಗಳು ವಿದ್ಯಾ, ಪಿಯುಸಿ ಓದುತ್ತಾಳೆ. ನಾನು ವರದಿ ಬರೆಯುತ್ತಿದ್ದೇನೆಂದು ಲಾಡ್ಜಿನ ಕೆಲಸದವರಿಂದ ಗೊತ್ತಾಗಿದೆ. ಅಳುವುದಕ್ಕೆ ಬಂದವರನ್ನು ಕಂಡರೆ ನನಗಾಗುವುದಿಲ್ಲ. ಇವನು ಅಳಲಿಲ್ಲ.

"ಎಂಟು ದಿನ ಮುಂಚೆ ಆಕಿ ಹೇಳಿದ್ಳ್ರಿ, ನಲ್ಲಿ ಮುಟ್ಟಿದ್ರ ಜುಮ್ ಅಂತೈತಿ ಅಂತ. ಥಂಡಿಗೆ ಹಂಗ ಆಗತೈತಿ ಅಂದ್ನಿ ನಾ." ಆಮೇಲೆ ಕೇಳಿದ, "ಭಾಳ ತ್ರಾಸಾತೇನ್ರಿ ಆಕಿಗೆ?"

ಇಲ್ಲ ಎಂದುಬಿಡಬಹುದಿತ್ತು. ಎಲ್ಲರೂ ಹಾಗೆ ಹೇಳಿರುತ್ತಾರೆ.

"ಹಿಡಿದ ಕೈ ಬಿಡಾಕ ಆಗೂದಿಲ್ಲ. ಮೈ ಬಿಗೀತೈತಿ. ಕೆಲವು ಸೆಕೆಂಡ್ ಆಕಿಗೆ ಗೊತ್ತಾಗಿರತೈತಿ. ಆಮ್ಯಾಲ ಇಲ್ಲ."

ಅವನು ತಲೆಯಾಡಿಸಿದ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾಕೋ ನನ್ನ ಫೋನ್ ನಂಬರು ಬರೆದುಕೊಟ್ಟೆ. ಹೀಗೆ ನಂಬರು ಹಂಚುವವರನ್ನು ನಾನು ಎಂದೂ ಮೆಚ್ಚಿದವಳಲ್ಲ.

ಜನವರಿ 30, ಗುರುವಾರ

ವರದಿ ನಾಲ್ಕು ಪುಟ. ದೀಪಕ ತನ್ನ ವಕೀಲನೊಡನೆ ವಿದ್ಯಾಗಿರಿಯ ನನ್ನ ಮನೆಗೇ ಬಂದ. ವಕೀಲ ಎರಡನೇ ಪುಟದ ಮೇಲೆ ಬೆರಳಿಟ್ಟ. ಒಂದೂವರೆ ಅಡಿ ಪೈಪಿನ ಸಂಗತಿ, ಮಾಲೀಕನ ಮಾತಿನ ಮೇಲೆ ಬ್ರೇಕರ್ ತೆಗೆಸಿದ ಸಂಗತಿ ಅಲ್ಲಿವೆ.

"ಇದೊಂದು ಪೇಜ್ ಬ್ಯಾಡ್ರಿ. ಉಳಿದ ಮೂರು ಭಾಳ ಛಲೋ ಅದಾವ."

ಮೂರು ಕಾಲಿನ ಪ್ಲಗ್ಗು ಕೂರದಿದ್ದರೆ ಒಂದು ಕಾಲು ಮುರಿದುಕೊಳ್ಳುವ ಜನ. ಪುಟಕ್ಕೂ ಅದೇ ನ್ಯಾಯ.

"ನಾ ಹೇಳಿದ್ನಿ ಅನ್ನಾಕ ಏನ್ ಸಾಕ್ಷಿ ಐತ್ರಿ?" ಎಂದ ದೀಪಕ. "ಅವ ಹೇಳ್ತಾನ, ನೀವು ಬರಿತೀರಿ. ಪ್ರಿನ್ಸಿಪಾಲ್ರು ನಮ್ಮ ಗುರ್ತಿನವರ ಅದಾರ."

"ಛಲೋ ಆತು. ಅವರಿಗೂ ಒಂದು ಕಾಪಿ ಕೊಡ್ತೇನಿ."

ಅವರು ಹೋದ ಮೇಲೆ ಜಹಾಂಗೀರನಿಗೆ ಫೋನು ಮಾಡಿದೆ. ಸಾಹುಕಾರನ ಮಾತಿಗೆ ಪುರಾವೆ ಇದೆಯೇ ಎಂದರೆ, ಇದೆ ಎಂದ. ಡಿಸೆಂಬರಿನಲ್ಲಿ ದೀಪಕ ಕಳಿಸಿದ ಧ್ವನಿ ಸಂದೇಶ ಅವನ ಫೋನಿನಲ್ಲೇ ಇದೆ. ಇಷ್ಟು ದಿನ ಯಾಕೆ ಕೊಡಲಿಲ್ಲ?

"ಅದರ ಕೆಳಗ ನಂದೂ ಧ್ವನಿ ಐತ್ರಿ. ಆತ್ರಿ ಸಾಹುಕಾರ್ರ, ಮಾಡ್ತೇನಿ ಅಂದದ್ದು."

ದಡ್ಡ. ಆದರೆ ಅಳಿಸಿ ಹಾಕಿರಲಿಲ್ಲ. ಕೊಡು ಎಂದೆ.

ಫೆಬ್ರವರಿ 4, ಮಂಗಳವಾರ

ವರದಿಯನ್ನು ನಾನೇ ಠಾಣೆಗೆ ಒಯ್ದೆ. ಜಹಾಂಗೀರ ಬೆಳಿಗ್ಗೆಯೇ ಬಂದು ಫೋನು ಒಪ್ಪಿಸಿ ಹೋಗಿದ್ದ. ಪಿಎಸ್‌ಐ ಹೊಸಬ, ನನ್ನ ವಿದ್ಯಾರ್ಥಿಗಳ ವಯಸ್ಸಿನವನು. ಹೇಳಿಕೆ ಬರೆದುಕೊಳ್ಳುವ ಕಾನ್‌ಸ್ಟೇಬಲ್ಲು ಅರ್ಥಿಂಗನ್ನು 'ಅರ್ಥನಿಂಗ್' ಎಂದು ಬರೆದ. ಮೂರು ಸಲ ತಿದ್ದಿಸಿದೆ.

ಕೊನೆಗೆ ನವೆಂಬರಿನ ಸಂಗತಿಯನ್ನೂ ಹೇಳಿದೆ. ಆರೋಪಿ ನನ್ನ ಬಳಿ ಬಂದು ಇಂಥ ಪ್ರಶ್ನೆ ಕೇಳಿದ್ದ, ಉತ್ತರ ಗೊತ್ತಿದ್ದೂ ಹೇಳದೆ ಕಳಿಸಿದೆ. ಬರೆಯುತ್ತಿದ್ದವನು ನಿಲ್ಲಿಸಿ ಪಿಎಸ್‌ಐ ಮುಖ ನೋಡಿದ.

"ಇದು ಬ್ಯಾಡ್ರಿ ಮೇಡಮ್," ಎಂದ ಪಿಎಸ್‌ಐ. "ಉತ್ತರ ಹೇಳಲಿಲ್ಲ ಅನ್ನೂದು ಯಾವ ಸೆಕ್ಷನ್ನಿನಾಗೂ ಬರೂದಿಲ್ಲ. ಸುಮ್ನ ನಿಮ್ಮ ಹೆಸರಿಗೆ ತ್ರಾಸು."

"ಸೆಕ್ಷನ್ ಕೇಳಲಿಲ್ಲ ನಾ. ಬರಿರಿ."

ಬರೆದರು. ಕೇಸಿನಲ್ಲಿ ಈಗ ದೀಪಕನ ಹೆಸರು ಮೊದಲು ಬಂದಿದೆ, ಜಹಾಂಗೀರನದು ಎರಡನೆಯದು. ಅದೂ ಸರಿಯೇ, ತಂತಿ ಜೋಡಿಸಿದ್ದು ಅವನ ಕೈ. ಅಲ್ಲಿ ಮೂರನೆಯ ಹೆಸರಿಗೆ ಅವರ ಹತ್ತಿರ ಕಾಲಂ ಇಲ್ಲ.

ಫೆಬ್ರವರಿ 11, ಮಂಗಳವಾರ

ನಂಬರು ಒಬ್ಬರಿಗೆ ಕೊಟ್ಟರೆ ಊರಿಗೆಲ್ಲ ಕೊಟ್ಟಂತೆ. ಜಹಾಂಗೀರ ಯಾರಿಗೋ ಹೇಳಿದ್ದಾನೆ. ಇಂದು ಹುನಗುಂದದ ಕಡೆಯಿಂದ, ರಾಮಥಾಳದ ಅಫ್ಸರ ಎಂಬ ವೈರಮನ್ ಫೋನು ಮಾಡಿದ. ಯಾರದೋ ಹೊಲದ ಮೋಟರಿನ ಪೆಟ್ಟಿಗೆ ಮುಟ್ಟಿದರೆ ಶಾಕು ಹೊಡೆಯುತ್ತದಂತೆ. "ಟೆಸ್ಟರ್ ಹಚ್ಚಿದ್ರ ಅರ್ಧಾ ಹತ್ತತೈತ್ರಿ" ಎಂದ. ಅರ್ಧ ಹತ್ತುತ್ತದಂತೆ. ಇವರ ಭಾಷೆಯಲ್ಲಿ ಅಳತೆ ಎಂದರೆ ಇದು. ಮೊದಲು ಮೇನ್ ಇಳಿಸು ಎಂದು ಹೇಳಿ, ಒಂದೊಂದೇ ತಂತಿ ಬಿಚ್ಚಿಸುತ್ತ ಹೋದೆ. ಮಧ್ಯೆ ಅವನ ಬ್ಯಾಟರಿ ಮುಗಿದು ಬೇರೆಯವರ ಫೋನಿನಿಂದ ಮಾಡಿದ. ಕೊನೆಗೆ ಸಿಕ್ಕಿತು: ಇಲಿ ಕಡಿದ ಜಾಗ. ಫೋನಿಟ್ಟಾಗ ನಲವತ್ತು ನಿಮಿಷವಾಗಿತ್ತು, ಅನ್ನ ಹೊತ್ತಿತ್ತು.

ಮೊನ್ನೆ ಭಾನುವಾರವೂ ಹಾಳಾಯಿತು. ಇಳಕಲ್ಲಿಗೆ ಹೋಗಿ ಇಡೀ ದಿನ ಅಣ್ಣನ ಅಂಗಡಿಯ ವೈರಿಂಗ್ ಬದಲಿಸುತ್ತ ಏಣಿಯ ಮೇಲಿದ್ದೆ. ಗಿರಾಕಿಗಳು ವಾಪಸು ಹೋದರೆಂದು ಅಣ್ಣನ ಮುಖ ಗಂಟಾಗಿತ್ತು. ಸೀರೆಗೆ ಧೂಳಾಯಿತೆಂದು ಅವನಿಗೆ ಚಿಂತೆ. ಈ ಜನ ಉದ್ಧಾರವಾಗುವುದಿಲ್ಲ.

ಫೆಬ್ರವರಿ 20, ಗುರುವಾರ

ಹುಲ್ಲಪ್ಪನ ಮಗಳು ವಿದ್ಯಾ ಫೋನು ಮಾಡಿದಳು.

"ಮೇಡಮ್, ನಮ್ಮನಿ ತಗಡಿನ ಗ್ವಾಡಿ ಮುಟ್ಟಿದ್ರ ಜುಮ್ ಅಂತೈತ್ರಿ. ಅಪ್ಪಗ ಹೇಳಿದ್ನಿ. ಹೊರಗ ಹೋಗಿ ನಿಂತಾನ, ಒಳಗ ಬರವಲ್ಲ."

ಮೀಟರಿನ ಪಕ್ಕದ ಸ್ವಿಚ್ಚು ಒಣ ಕೋಲಿನಿಂದ ಇಳಿಸಲು ಹೇಳಿದೆ. ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ದೀಪ ಹಚ್ಚಿಕೊಂಡು ಇರಿ ಎಂದೆ.

ಆಮೇಲೆ ಯೋಚಿಸಿದರೆ ಒಂದು ತೊಡಕು. ಅರ್ಥಿಂಗಿನ ಕುಣಿಯ ಚಿತ್ರವನ್ನು ಕರಿಹಲಗೆಯ ಮೇಲೆ ಇಪ್ಪತ್ತೆರಡು ವರ್ಷ ಬಿಡಿಸಿದ್ದೇನೆ, ಇದ್ದಿಲು, ಉಪ್ಪು, ಪೈಪು ಎಲ್ಲಕ್ಕೂ ಬಾಣ ಹಾಕಿ. ಒಂದು ಕುಣಿಯನ್ನೂ ತೋಡಿಸಿಲ್ಲ. ಕಲ್ಲಪ್ಪನೂ ತೋಡಿಲ್ಲ. ಜಹಾಂಗೀರನಿಗೆ ಫೋನು ಮಾಡಿದೆ. ಐಹೊಳೆಗೆ ಬಾ, ಹುಲ್ಲಪ್ಪನ ಮನೆಗೆ ಕುಣಿ ತೋಡಿಸುವುದಿದೆ ಎಂದೆ.

"ಅವರ ಮನಿಗೆ ನಾ ಹೆಂಗ ಬರ್ಲಿರಿ?"

"ಬಸ್ಸಿಗೆ ಬಾ," ಎಂದೆ.

ಫೆಬ್ರವರಿ 23, ಭಾನುವಾರ

ಈಗಷ್ಟೇ ಐಹೊಳೆಯಿಂದ ಬಂದೆ. ಅಂಗೈ ಉರಿಯುತ್ತಿದೆ, ಆದರೂ ಬರೆದು ಮುಗಿಸುತ್ತೇನೆ.

ಊರಂಚಿನಲ್ಲಿ, ಹೊಳೆಯ ಕಡೆಗೆ ಅವರ ಮನೆ. ಮೂರು ಕಡೆ ತಗಡು, ಒಂದು ಕಡೆ ಕಲ್ಲಿನ ಗೋಡೆ. ಮೀಟರಿನಿಂದ ಒಳಗೆ ಹೋಗುವ ತಂತಿ ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಬರಿಯ ತಾಮ್ರ ಕಾಣುತ್ತಿತ್ತು. ಯಾವನೋ ಮಹಾಶಯ ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದ.

ಜಹಾಂಗೀರ ಗುದ್ದಲಿ, ಪೈಪು ಹಿಡಿದು ದೂರದಲ್ಲೇ ನಿಂತ. ನಾನು ಹೆಸರು ಹೇಳುವ ಮೊದಲೇ ಅವನು ಯಾರೆಂದು ಹುಲ್ಲಪ್ಪನಿಗೆ ಗೊತ್ತಾಯಿತು. ವಿದ್ಯಾ ಒಳಗೆ ಹೋದಳು. ಏನಾದರೂ ಹೇಳಬೇಕಿತ್ತು, ನನಗೆ ತಿಳಿದದ್ದೆಲ್ಲ ಓಮು, ಆಂಪುಗಳ ಮಾತು.

ಜಹಾಂಗೀರ ಬಂದು ನೆಲ ಗುರುತು ಮಾಡಿ ಗುದ್ದಲಿ ಎತ್ತಿದ. ಹುಲ್ಲಪ್ಪ ಅವನ ಕೈಯಿಂದ ಅದನ್ನು ಕಸಿದುಕೊಂಡ.

"ನೀ ಅಗಿಬ್ಯಾಡ. ನಾ ಅಗಿತೇನಿ. ನೀ ಎಷ್ಟು ಆಳ ಅಂತ ಹೇಳು."

ಅಲ್ಲಿ ಕರಿಮಣ್ಣು. ಸೊಂಟದವರೆಗೆ ಇಳಿದಾಗ ಹುಲ್ಲಪ್ಪ ತಲೆ ಎತ್ತಿದ. "ಸಾಕೇನು?"

"ಇನ್ನೂ ಬೇಕ್ರಿ," ಎಂದ ಜಹಾಂಗೀರ.

ಎದೆಯವರೆಗೆ ಇಳಿದಾಗ ಮತ್ತೆ ಕೇಳಿದ. "ಈಗ?"

"ಇನ್ನೂ ಬೇಕ್ರಿ." ಹುಲ್ಲಪ್ಪನ ತಲೆ ನೆಲದ ಮಟ್ಟಕ್ಕಿಂತ ಕೆಳಗೆ ಹೋದ ಮೇಲೆಯೇ ಸಾಕೆಂದ. ಮಣ್ಣಿನ ಬುಟ್ಟಿಗಳನ್ನು ಹಗ್ಗದಲ್ಲಿ ಎಳೆದವಳು ನಾನು. ಇಂಥ ಕೆಲಸಕ್ಕೆ ನಾಲ್ಕು ಡಿಗ್ರಿ ಬೇಕಿಲ್ಲ, ಕೈಗೆ ಚರ್ಮ ಬೇಕು.

ಪೈಪು ನಿಲ್ಲಿಸಿದರು. ಇದ್ದಿಲು, ಉಪ್ಪು, ಮಣ್ಣು ಪದರಪದರವಾಗಿ ತುಂಬಿದೆವು. ವಿದ್ಯಾ ಕೊಡ ಕೊಡ ನೀರು ತಂದು ಸುರಿದಳು. ತಂತಿ ಬದಲಿಸಿ ಪೈಪಿನೊಳಗೆ ಹಾಯಿಸಿ, ಹೊಸ ಬ್ರೇಕರ್ ಕೂರಿಸಿದ್ದು ಜಹಾಂಗೀರ. ಸ್ಕ್ರೂಗಳನ್ನು ನೆಟ್ಟಗೆ ಕೂರಿಸುವುದು ಅವನ ಅಭ್ಯಾಸವೇ ಇರಬೇಕು. ಅರ್ಥ್ ಟೆಸ್ಟರ್ ಎರಡು ಓಮಿಗಿಂತ ತುಸು ಮೇಲೆ ನಿಂತಿತು. ಬ್ರೇಕರಿನ ಗುಂಡಿ ಒತ್ತಿ ನೋಡಿದೆವು, ಬಿತ್ತು. ಮತ್ತೆ ಎತ್ತಿ ಕರೆಂಟು ಕೊಟ್ಟು ತಗಡಿಗೆ ಮೀಟರು ಹಿಡಿದೆ. ಸೊನ್ನೆ.

ಹುಲ್ಲಪ್ಪ ಮೀಟರು ನೋಡಲಿಲ್ಲ. ಮಣ್ಣು ಮೆತ್ತಿದ ಕೈಗಳನ್ನು ಎದೆಗೆ ಅವುಚಿಕೊಂಡು ಗೋಡೆಯ ಎದುರಿಗೆ ನಿಂತಿದ್ದ.

"ಈಗ ಮುಟ್ಟಬಹುದೇನ್ರಿ?"

ಸೊನ್ನೆ ಕಾಣುವುದಿಲ್ಲವೇ ಎಂಬ ಮಾತು ನಾಲಿಗೆಯ ಮೇಲೆ ಬಂದಿತ್ತು. ಮೀಟರನ್ನು ಜಹಾಂಗೀರನ ಕೈಗೆ ಕೊಟ್ಟು, ಚೆಲ್ಲಿದ ನೀರಿನಲ್ಲೇ ನಿಂತು ಅಂಗೈಯನ್ನು ಪೂರ್ತಿ ತಗಡಿನ ಮೇಲೆ ಒತ್ತಿದೆ.

ಹುಲ್ಲಪ್ಪ ಬಂದು ನನ್ನ ಕೈಯ ಪಕ್ಕ ತನ್ನ ಕೈಯಿಟ್ಟ. ಮಧ್ಯಾಹ್ನದ ಬಿಸಿಲಿಗೆ ತಗಡು ಸುಡುತ್ತಿತ್ತು. ಅವನು ಕೈ ತೆಗೆಯಲಿಲ್ಲ. ಅವನು ತೆಗೆಯುವವರೆಗೆ ನಾನೂ ತೆಗೆಯುವ ಹಾಗಿರಲಿಲ್ಲ.